ಸುತ್ತುಗಳನ್ನು ಒಂದೇ ಸಲ ಎಣಿಸಿ

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಸಿ ಆಕಾರದ ಕಬ್ಬಿಣದ ತಿರುಳಿಗೆ, ಅಂದರೆ ಕೋರ್‌ಗೆ, 22 ಗೇಜ್ ಎನಾಮಲ್ ತಂತಿಯನ್ನು 600 ಸುತ್ತು ಸುತ್ತಿದ್ದೇನೆ. ಕೋರ್‌ನ ತುದಿಗಳ ನಡುವಿನ ಗಾಳಿಯ ಸಂದು, ಅಂದರೆ ಏರ್ ಗ್ಯಾಪ್, 2 ಮಿಲಿಮೀಟರ್. 12 ವೋಲ್ಟ್ ಡಿಸಿ ಕೊಟ್ಟಾಗ 2 ಆಂಪಿಯರ್ ಹರಿಯುತ್ತದೆ. ಇದನ್ನೇ ಕಾಂತಕ್ಷೇತ್ರದ ಲೆಕ್ಕ ಹಾಕುವ ಫೆಮ್ ತಂತ್ರಾಂಶದಲ್ಲಿ ರಚಿಸಿ 1200 ಆಂಪಿಯರ್, 600 ಸುತ್ತು ಎಂದು ತುಂಬಿದೆ. ಗ್ಯಾಪ್‌ನಲ್ಲಿ ಕಾಂತಕ್ಷೇತ್ರ ಸುಮಾರು 450 ಟೆಸ್ಲಾ ಬಂತು. ಗಾಬರಿಯಾಗಿ 2 ಆಂಪಿಯರ್, 1 ಸುತ್ತು ಎಂದು ಬದಲಿಸಿದರೆ 0.00126 ಟೆಸ್ಲಾ. ಕ್ಷೇತ್ರವನ್ನು ಅಳೆಯುವ ಪ್ರಯೋಗಾಲಯದ ಗಾಸ್‌ಮೀಟರ್ ಹೇಳುವುದು 0.62 ಟೆಸ್ಲಾ. ಯಾವುದನ್ನು ನಂಬಲಿ? 600 ತಂತಿಗಳನ್ನೂ ಒಂದೊಂದಾಗಿ ಬರೆಯಬೇಕೆ?

ಉತ್ತರ: ಬರೆಯಬೇಡಿ. ಅಷ್ಟು ವೃತ್ತ ಬರೆದು ಮುಗಿಸುವ ಹೊತ್ತಿಗೆ ಪ್ರಾಜೆಕ್ಟ್ ಒಪ್ಪಿಸುವ ದಿನ ದಾಟಿರುತ್ತದೆ. ಕಾಯಿಲ್ ಕೂರುವ ಎರಡೂ ಬದಿಗೆ ಒಂದೊಂದು ಆಯತ ಸಾಕು.

ದಾವಣಗೆರೆಯ ಚೌಕಿಪೇಟೆಯಲ್ಲಿ ನಮ್ಮ ಸೋದರಮಾವ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದರು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳಲು ಹೋಗುವುದಕ್ಕೆ ಮೊದಲು ಬೇಸಿಗೆ ರಜೆಯೆಲ್ಲ ನಾನು ಅಲ್ಲೇ ಇರುತ್ತಿದ್ದೆ. ಬೋರ್‌ವೆಲ್ ಪಂಪುಗಳು ಸುಟ್ಟು ಬರುವ ಕಾಲವದು. ಮಾವ ಸುತ್ತು ಎಣಿಸುವಾಗ ಅತ್ತೆ ಊಟಕ್ಕೆ ಕರೆದರೂ ಬೈಸಿಕೊಳ್ಳುತ್ತಿದ್ದರು. ಕರೆಂಟ್ ತೀರಾ ಕಡಿಮೆಯಿದ್ದು, ತಂತಿಯನ್ನು ದವಡೆಯಲ್ಲಿ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್‌ನ ಮುಳ್ಳು ಅಲುಗದಿದ್ದರೆ ಅವರು ತಂತಿಯನ್ನು ಅದರ ದವಡೆಯೊಳಗೆ ಹತ್ತು ಸಲ ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸುತ್ತಿದ್ದರು. ತಂತಿಯಲ್ಲಿ ಹರಿಯುವುದು ಅರ್ಧ ಆಂಪಿಯರ್, ಮೀಟರ್ ತೋರಿಸುವುದು ಐದು. ದವಡೆಗೆ ಕಾಣಿಸುವುದು ತನ್ನೊಳಗೆ ಹಾದುಹೋದ ಒಟ್ಟು ಕರೆಂಟ್. ಅದು ಒಂದು ದಪ್ಪ ತಂತಿಯಲ್ಲಿ ಹೋಯಿತೋ ಒಂದೇ ತಂತಿ ಹತ್ತು ಸಲ ಬಂದು ಹೋಯಿತೋ ಅದಕ್ಕೆ ಗೊತ್ತಾಗುವುದಿಲ್ಲ.

ನಿಮ್ಮ ಕೋರ್‌ಗೂ ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದದ್ದು ಆಂಪಿಯರ್-ಸುತ್ತು: 2 ಗುಣಿಸು 600, ಅಂದರೆ 1200. ಈ ಗುಣಾಕಾರವನ್ನು ಯಾರು ಮಾಡಬೇಕು ಎಂಬಲ್ಲಿ ನೀವು ಎಡವಿದ್ದೀರಿ. ಕೆಲವು ತಂತ್ರಾಂಶಗಳು ಒಟ್ಟು ಆಂಪಿಯರ್-ಸುತ್ತನ್ನೇ ಕೇಳುತ್ತವೆ, ಗುಣಿಸಿ ಕೊಡುವ ಕೆಲಸ ನಮ್ಮದು. ಡೇವಿಡ್ ಮೀಕರ್ ರೂಪಿಸಿ ಉಚಿತವಾಗಿ ಕೊಟ್ಟಿರುವ ಫೆಮ್ ಹಾಗಲ್ಲ. ತಂತಿಯ ಕರೆಂಟ್ ಒಂದು ಕಡೆ, ಸುತ್ತಿನ ಸಂಖ್ಯೆ ಇನ್ನೊಂದು ಕಡೆ ಕೇಳಿ ಗುಣಾಕಾರವನ್ನು ತಾನೇ ಮಾಡಿಕೊಳ್ಳುತ್ತದೆ. ನೀವು ಗುಣಿಸಿದ್ದನ್ನು ಅದು ಮತ್ತೊಮ್ಮೆ ಗುಣಿಸಿತು. ಎರಡನೆಯ ಸಲ ಇಬ್ಬರೂ ಗುಣಿಸಲಿಲ್ಲ. ಕರೆಂಟ್ 2 ಎಂದು ಬರೆಯಿರಿ, ಸುತ್ತು ಒಂದು ಬದಿಯ ಆಯತಕ್ಕೆ 600, ಎದುರು ಬದಿಯ ಆಯತಕ್ಕೆ −600. ಒಳಹೋದ ತಂತಿ ಆ ಬದಿಯಲ್ಲಿ ಹೊರಬರುತ್ತದೆ ಎಂಬುದಕ್ಕೆ ಆ ಋಣ ಚಿಹ್ನೆ.

ಆ 450 ಟೆಸ್ಲಾದಲ್ಲಿ ಇನ್ನೊಂದು ತಪ್ಪೂ ಅಡಗಿದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿರುವುದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಕಬ್ಬಿಣವಂತೂ 2 ಟೆಸ್ಲಾದ ಆಸುಪಾಸಿನಲ್ಲೇ ಹೊಟ್ಟೆ ತುಂಬಿತೆಂದು ಕೈತೊಳೆದುಬಿಡುತ್ತದೆ. ನಿಮ್ಮ ಕಬ್ಬಿಣ ತುಂಬಲೇ ಇಲ್ಲವೆಂದರೆ ನೀವು ಅದಕ್ಕೆ ಕಬ್ಬಿಣ ಎಲ್ಲಿ ತುಂಬುತ್ತದೆಂದು ತೋರಿಸುವ ಬಿಎಚ್ ವಕ್ರರೇಖೆಯ ಬದಲು, ಎಂದೂ ತುಂಬದಂತೆ ಒಂದು ಸ್ಥಿರ ಪರ್ಮಿಯಬಿಲಿಟಿ (ಕಾಂತಕ್ಷೇತ್ರಕ್ಕೆ ದಾರಿ ಕೊಡುವ ಗುಣದ ಅಂಕಿ) ಕೊಟ್ಟಿದ್ದೀರಿ. ಬದಲಿಸಿ.

ತಂತ್ರಾಂಶ ತೆರೆಯುವ ಮೊದಲು ಕಾಗದದಲ್ಲಿ ಒಂದು ಲೆಕ್ಕ ಮಾಡುವ ಅಭ್ಯಾಸ ನಿಮಗಿಲ್ಲ ಎಂದು ಕಾಣುತ್ತದೆ. ಕೋಪಿಸಿಕೊಳ್ಳಬೇಡಿ, ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದು ತಿಳಿಯುತ್ತದೆ. ಕೋರ್‌ನ ಪಾಲು ಸಣ್ಣದು, ಅದನ್ನು ಬಿಡಿ. ಗಾಳಿಯ ಪರ್ಮಿಯಬಿಲಿಟಿಯಾದ 4π×10⁻⁷ ಅನ್ನು 1200ರಿಂದ ಗುಣಿಸಿ 0.002 ಮೀಟರ್‌ನಿಂದ ಭಾಗಿಸಿ: 0.75 ಟೆಸ್ಲಾ. ತಂತ್ರಾಂಶ ಇದರ ಹತ್ತಿರಕ್ಕೆ ಬರದಿದ್ದರೆ ತಪ್ಪು ನಿಮ್ಮ ಕೈಯಲ್ಲಿದೆ.

ಹಾಗಾದರೆ ಗಾಸ್‌ಮೀಟರ್ 0.62 ಎಂದದ್ದೇಕೆ? ಈ ಭಾಗ ನನಗೆ ಬಹಳ ಇಷ್ಟ. ಕರೆಂಟ್ 2 ಆಂಪಿಯರ್ ಎಂದು ನೀವು ಬರೆದುಕೊಟ್ಟರೆ ತಂತ್ರಾಂಶ ಆ ಮಾತನ್ನು ಕೊನೆಯವರೆಗೂ ನಡೆಸಿಕೊಡುತ್ತದೆ. ನಿಮ್ಮ ಮೇಜಿನ ಮೇಲಿನ ಪವರ್ ಸಪ್ಲೈ ಮಾತು ಕೊಟ್ಟಿರುವುದು 12 ವೋಲ್ಟ್‌ಗೆ, 2 ಆಂಪಿಯರ್‌ಗಲ್ಲ. ತಣ್ಣಗಿರುವಾಗ ಕಾಯಿಲ್‌ನ ರೋಧ 6 ಓಮ್. 22 ಗೇಜ್ ತಂತಿಯ ಅಡ್ಡಕೊಯ್ತ ಸುಮಾರು 0.4 ಚದರ ಮಿಲಿಮೀಟರ್. ಅದರಲ್ಲಿ 2 ಆಂಪಿಯರ್ ಹರಿದರೆ, 600 ಸುತ್ತು ಒಂದರ ಮೇಲೊಂದು ಒತ್ತಿ ಕೂತಿರುವಾಗ, ಬಿಸಿಯಾಗದೆ ಇನ್ನೇನಾಗುತ್ತದೆ? ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡ 0.39ರಷ್ಟು ಏರುತ್ತದೆ. 50 ಡಿಗ್ರಿ ಏರಿತೆನ್ನಿ, ರೋಧ 7.2 ಓಮ್, ಕರೆಂಟ್ 1.67 ಆಂಪಿಯರ್, ಗ್ಯಾಪ್‌ನಲ್ಲಿ 0.63 ಟೆಸ್ಲಾ. ನಿಮ್ಮ ಮೀಟರ್ ಸುಳ್ಳು ಹೇಳಿಲ್ಲ. ಇದು ನಿಜವೇ ಎಂದು ತಿಳಿಯಲು ಸ್ವಿಚ್ ಹಾಕಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಕಳೆದು ಇನ್ನೊಮ್ಮೆ ಅಳೆಯಿರಿ. ಎರಡು ಸಲವೂ ಆಂಪಿಯರ್ ಗುರುತು ಹಾಕಿಕೊಳ್ಳಿ. ಈ ಮ್ಯಾಗ್ನೆಟ್‌ನಿಂದ ಏನನ್ನಾದರೂ ಎತ್ತುವ ಯೋಚನೆಯಿದ್ದರೆ ಎಚ್ಚರ. ಸೆಳೆತ ಕ್ಷೇತ್ರದ ವರ್ಗಕ್ಕೆ ಅನುಗುಣ. ಕರೆಂಟ್ ಆರನೇ ಒಂದು ಭಾಗ ಇಳಿದರೆ ಸೆಳೆತ ಶೇಕಡ 30ರಷ್ಟು ಇಳಿಯುತ್ತದೆ. ಬೆಳಿಗ್ಗೆ ಎತ್ತಿದ್ದನ್ನು ಪರೀಕ್ಷಕರು ಬರುವ ಹೊತ್ತಿಗೆ ಕೈಬಿಡುವ ಮ್ಯಾಗ್ನೆಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರಶ್ನೆ: ದಾವಣಗೆರೆಯಲ್ಲಿ ವೈಂಡಿಂಗ್ ಅಂಗಡಿ ಇದೆ. ನಾನು ಸುತ್ತುವ ಚೋಕ್ (ಎಸಿ ಕರೆಂಟಿಗೆ ತಡೆಯೊಡ್ಡುವ ಕಾಯಿಲ್) ಒಂದರ ಮಾದರಿಯನ್ನು ಮಗಳು ಕಂಪ್ಯೂಟರ್‌ನಲ್ಲಿ ಮಾಡಿದಳು. ಕಾಯಿಲ್ ಜಾಗಕ್ಕೆ ತಾಮ್ರ ತುಂಬಿ, ಒಂದು ಸುತ್ತು ಎಂದು ಬರೆದು, ಒಟ್ಟು ಆಂಪಿಯರ್-ಸುತ್ತು ಕೊಟ್ಟಿದ್ದಾಳೆ. 50 ಹರ್ಟ್ಜ್‌ನಲ್ಲಿ ಕರೆಂಟೆಲ್ಲ ಒಂದು ಅಂಚಿಗೆ ಹೋಗಿ ಕೂತಿದೆ, ತಾಮ್ರದ ನಷ್ಟ ವಿಪರೀತ. ನಿಜವಾದ ಚೋಕ್ ಹಾಗೆ ಕಾಯುವುದಿಲ್ಲವಲ್ಲ?

ಉತ್ತರ: ಕಾಯುವುದಿಲ್ಲ, ಏಕೆಂದರೆ ನೀವು ಸುತ್ತಿದ್ದು ತಂತಿ, ಅವಳು ಇಟ್ಟದ್ದು ತಾಮ್ರದ ಗಟ್ಟಿ. ಎಸಿ ಕರೆಂಟ್ 50 ಹರ್ಟ್ಜ್‌ನಲ್ಲಿ ತಾಮ್ರದೊಳಗೆ ಇಳಿಯುವುದು ಸುಮಾರು 9 ಮಿಲಿಮೀಟರ್. ಅದಕ್ಕಿಂತ ದಪ್ಪದ ಗಟ್ಟಿಯಲ್ಲಿ ಅದು ಅಂಚು ಹಿಡಿಯುವುದು ಸಹಜ. ಅರ್ಧ, ಮುಕ್ಕಾಲು ಮಿಲಿಮೀಟರ್ ತಂತಿಯಲ್ಲಿ ಓಡಿಹೋಗಲು ಅಂಚೇ ಇಲ್ಲ. ಸರಣಿಯಲ್ಲಿರುವುದರಿಂದ ಪ್ರತಿ ಸುತ್ತಿನಲ್ಲೂ ಅಷ್ಟೇ ಕರೆಂಟ್ ಹರಿಯಲೇಬೇಕು. ಕಾಯಿಲ್ ಅನ್ನು ಘನ ವಾಹಕವೆಂದಲ್ಲ, ಎಳೆಗಳ ಕಾಯಿಲ್ ಎಂದು ಗುರುತಿಸಿ, ಒಂದು ತಂತಿಯ ಕರೆಂಟನ್ನೂ ನಿಜವಾದ ಸುತ್ತಿನ ಸಂಖ್ಯೆಯನ್ನೂ ಕೊಡಲಿ. ಆ ಸಂಖ್ಯೆ, ತಂತಿಯ ಗೇಜ್ ಎರಡೂ ನಿಮ್ಮ ಅಂಗಡಿಯ ನೋಟ್‌ಬುಕ್‌ನಲ್ಲಿರುತ್ತವೆ. ಅದನ್ನು ಮನೆಗೆ ಒಯ್ಯಿರಿ.