22ರ ವಯಸ್ಸು, ಹೊಸ ಲೈಸೆನ್ಸ್, ಪುಣೆಯಲ್ಲಿ ಮೊದಲ ಕಾರು: ಅಪ್ಪನ ಹೆಸರಲ್ಲಿ ತಗೊಂಡರೆ ಇನ್ಶೂರೆನ್ಸ್ ಅಗ್ಗ ಆಗುತ್ತಾ?

ನೀವು ಬರೆದದ್ದರ ಸಾರಾಂಶ ಇದು: ಊರು ಧಾರವಾಡ, ಕೆಲಸ ಪುಣೆಯ ಹಿಂಜವಡಿಯಲ್ಲಿ, ಕಾರಿನ ಲೈಸೆನ್ಸ್ ಬಂದು ಒಂದು ತಿಂಗಳು. ಇಂಗ್ಲೆಂಡಿನಲ್ಲಿರೋ ನಿಮ್ಮ ಕಾಕಾನ ಮಗ, ಹೊಸ ಡ್ರೈವರ್‌ಗಳಿಗೆ ಪ್ರೀಮಿಯಂ ವಿಪರೀತ ಇರುತ್ತೆ, ಕಾರನ್ನು ಅಪ್ಪನ ಹೆಸರಿನಲ್ಲಿ ತಗೊಂಡು ಅಪ್ಪನ 50% ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೆ ಇದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ಬಳಸಿಕೋ ಅಂದಿದ್ದಾರೆ. ಹಾಗೆ ಮಾಡಬಹುದಾ, ಎಷ್ಟು ಉಳಿಯುತ್ತೆ ಅನ್ನೋದು ನಿಮ್ಮ ಪ್ರಶ್ನೆ.

ಏನೂ ಉಳಿಯಲ್ಲ. ಕಾರು ನಿಮ್ಮ ಹೆಸರಲ್ಲೇ ಇರಲಿ. ನಾನು ಗದಗ ಕಡೆಯವನು, ಪುಣೆಯ ಒಂದು ವರ್ಕ್‌ಶಾಪಿನಲ್ಲಿ ಇನ್ಶೂರೆನ್ಸ್ ಕ್ಲೇಮ್ ಕೌಂಟರ್ ನೋಡಿಕೊಳ್ತೀನಿ. ಪಾಲಿಸಿ ಮಾರೋದು ನನ್ನ ಕೆಲಸ ಅಲ್ಲ, ಹಾಗಾಗಿ ಇದರಲ್ಲಿ ನನಗೇನೂ ಕಮಿಷನ್ ಇಲ್ಲ.

ನಿಮ್ಮ ಕಾಕಾನ ಮಗ ಸುಳ್ಳು ಹೇಳಿಲ್ಲ, ಅವರು ಹೇಳಿದ್ದು ಅವರ ದೇಶಕ್ಕೆ ಸರಿ. ಅಲ್ಲಿ ಕಂಪನಿ ಲೆಕ್ಕ ಹಾಕೋದೇ ಓಡಿಸೋ ಮನುಷ್ಯನ ಮೇಲೆ: ವಯಸ್ಸೆಷ್ಟು, ಲೈಸೆನ್ಸ್ ಬಂದು ಎಷ್ಟು ವರ್ಷ ಆಯ್ತು, ಮನೆ ಯಾವ ಏರಿಯಾದಲ್ಲಿ. 17ಕ್ಕೇ ಲೈಸೆನ್ಸ್ ಸಿಗುತ್ತೆ, ಆ ವಯಸ್ಸಿನವರಿಗೆ ಪ್ರೀಮಿಯಂ ಕೇಳಿದರೆ ತಲೆ ತಿರುಗುತ್ತೆ. ಬ್ರೇಕ್ ಹೇಗೆ ಹಾಕ್ತಾರೆ, ಯಾವ ಹೊತ್ತಲ್ಲಿ ಓಡಿಸ್ತಾರೆ ಅಂತ ನೋಡೋಕೆ ಕಾರಿನಲ್ಲಿ ಒಂದು ಪೆಟ್ಟಿಗೆ ಕೂರಿಸೋ ಪದ್ಧತಿಯೂ ಇದೆ. ಆದರೆ ಮಗ ಓಡಿಸೋ ಕಾರಿಗೆ ಅಪ್ಪನೇ ಮುಖ್ಯ ಡ್ರೈವರ್ ಅಂತ ಬರೆಸೋದನ್ನು ಅಲ್ಲಿಯೂ ವಂಚನೆ ಅಂತಲೇ ನೋಡ್ತಾರೆ. ಅದನ್ನು ಅವರು ನಿಮಗೆ ಹೇಳಿದ ಹಾಗೆ ಕಾಣಲ್ಲ.

ನಮ್ಮಲ್ಲಿ ಪಾಲಿಸಿ ಅಂಟಿಕೊಂಡಿರೋದು ಗಾಡಿಗೆ. ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗೋ ನಷ್ಟದ ಭಾಗ. ಅದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತೆ, ಅಲ್ಲಿ ನೋಡೋದು ಎಂಜಿನ್ನಿನ ಸಿಸಿ ಮಾತ್ರ. 2022ರ ಜೂನ್ 1ರಿಂದ ಬಂದ ದರದ ಪ್ರಕಾರ 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500ರ ನಡುವಿನದಕ್ಕೆ 3,416, ಅದಕ್ಕೂ ಮೇಲಿನದಕ್ಕೆ 7,897. ಹೊಸ ಕಾರಿಗೆ ಮೂರು ವರ್ಷದ್ದನ್ನು ಒಮ್ಮೆಲೇ ಕಟ್ಟಬೇಕು. ಸುಪ್ರೀಂ ಕೋರ್ಟಿನ ಆದೇಶದಿಂದ 2018ರ ಸೆಪ್ಟೆಂಬರ್‌ನಲ್ಲಿ ಬಂದ ನಿಯಮ ಅದು. ಮೂರು ವರ್ಷಕ್ಕೆ ಮೊದಲೆರಡು ವರ್ಗಕ್ಕೆ 6,521 ಮತ್ತು 10,640, ಮೇಲೆ 18% ಜಿಎಸ್‌ಟಿ. 22ರ ಹುಡುಗನಾಗಲಿ, ಸ್ಟಿಯರಿಂಗ್ ಹಿಡಿದು ನಲವತ್ತು ವರ್ಷ ಆದವರಾಗಲಿ, ಇದರಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲ.

ನಿಜವಾಗಿ ಉಳಿಸಬೇಕು ಅಂತಿದ್ದರೆ ಇಲ್ಲಿ ನೋಡಿ. ವ್ಯಾಗನ್ ಆರ್ 998 ಸಿಸಿಯಲ್ಲೂ ಬರುತ್ತೆ, 1197 ಸಿಸಿಯಲ್ಲೂ ಬರುತ್ತೆ. ಚಿಕ್ಕ ಎಂಜಿನ್ ತಗೊಂಡರೆ ಥರ್ಡ್ ಪಾರ್ಟಿಯಲ್ಲೇ ತೆರಿಗೆ ಸೇರಿ 4,860 ರೂಪಾಯಿ ವ್ಯತ್ಯಾಸ. ಅಪ್ಪನ ಹೆಸರು ಹಾಕೋದರಿಂದ ಇದರ ಕಾಲುಭಾಗವೂ ಉಳಿಯಲ್ಲ. ಒಂದು ತಮಾಷೆ ಅಂದರೆ, ಭಾರೀ ಪಿಕಪ್ ಇರೋ 998 ಸಿಸಿ ಟರ್ಬೊ ಕಾರೂ ಇದೇ ಅಗ್ಗದ ಸಾಲಿಗೆ ಬರುತ್ತೆ. ನಿಯಮ ಸಿಸಿ ಎಣಿಸುತ್ತೆ, ಎಳೆತ ಎಣಿಸಲ್ಲ.

ಇನ್ನೊಂದು ಭಾಗ ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿಗೇ ಆಗೋ ಪೆಟ್ಟಿನದು. 2007ರಿಂದ ಇದರ ದರ ಕಂಪನಿಗಳ ಕೈಯಲ್ಲಿದೆ. ಕಾರಿನ ಮಾಡೆಲ್, ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗೋ ಗರಿಷ್ಠ ಮೊತ್ತ), ಹಳೆ ಕ್ಲೇಮುಗಳು, ನೋಂದಣಿ ಆದ ಊರು, ಇವೇ ಮುಖ್ಯ. ಮಾಲೀಕರ ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯೋ ಸ್ವಾತಂತ್ರ್ಯ ಕಂಪನಿಗೆ ಇದೆ, ಆದ್ದರಿಂದ ನಾಲ್ಕು ಕಡೆ ರೇಟ್ ಕೇಳಿ. ಆದರೆ ನನ್ನ ಟೇಬಲ್ಲಿಗೆ ಬರೋ ಪಾಲಿಸಿಗಳಲ್ಲಿ, ಓಡಿಸುವವರು ಹುಡುಗರು ಅನ್ನೋ ಒಂದೇ ಕಾರಣಕ್ಕೆ ಇಂಗ್ಲೆಂಡಿನ ಹಾಗೆ ಎರಡು ಮೂರು ಪಟ್ಟು ಹೆಚ್ಚಾದದ್ದನ್ನು ನಾನು ನೋಡಿಲ್ಲ.

ಈಗ ಅಪ್ಪನ ಬೋನಸ್ ವಿಷಯ. ಆ 50% ಸಿಗೋಕೆ ಅವರು ಐದು ವರ್ಷ ಒಂದೂ ಕ್ಲೇಮ್ ಮಾಡದೆ ಇದ್ದಿರಬೇಕು: 20, 25, 35, 45, ಆಮೇಲೆ 50. ಅದು ಅವರ ಈಗಿನ ಕಾರಿನ ಪಾಲಿಸಿಗೆ ಜೋಡಿಸಿಕೊಂಡಿದೆ. ಒಂದು ಬೋನಸ್ಸನ್ನು ಒಂದೇ ಹೊತ್ತಿಗೆ ಎರಡು ಕಾರಿಗೆ ಹಾಕೋಕಾಗಲ್ಲ. ಹಾಗಾಗಿ ಅವರ ಹೆಸರಲ್ಲಿ ಎರಡನೇ ಕಾರು ತಗೊಂಡರೆ ಅದೂ ಸೊನ್ನೆಯಿಂದಲೇ ಶುರು. ಅವರ ಹಳೆ ಕಾರನ್ನೇ ನಿಮ್ಮ ಹೆಸರಿಗೆ ಮಾಡಿಸಿಕೊಂಡರೂ ಬೋನಸ್ ಜೊತೆಗೆ ಬರಲ್ಲ, ಅದು ಮನುಷ್ಯನದು, ಕಾರಿನದಲ್ಲ. ಅವರು ಆ ಕಾರು ಮಾರಿ ತಮಗಾಗಿಯೇ ಹೊಸದು ತಗೊಂಡರೆ ಮಾತ್ರ ಉಪಯೋಗ.

ಉಳಿತಾಯ ಇಲ್ಲ ಅನ್ನೋದಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೀತಿರಲಿಲ್ಲ. ಕಳ್ಕೊಳ್ಳೋದು ದೊಡ್ಡದಿದೆ. ಪಾಲಿಸಿಯಲ್ಲಿ ಮಾಲೀಕ-ಚಾಲಕರಿಗೆ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಇರುತ್ತೆ. ಹೆಸರೇ ಹೇಳೋ ಹಾಗೆ, ನೋಂದಣಿ ಪತ್ರದಲ್ಲಿ ಹೆಸರಿರುವವರು, ಸರಿಯಾದ ಲೈಸೆನ್ಸ್ ಇಟ್ಟುಕೊಂಡವರು, ಅವರಿಗೆ ಮಾತ್ರ ಅದು. ಸಾವಾದರೆ ಪೂರ್ತಿ 15 ಲಕ್ಷ, ಒಂದು ಕೈಯೋ ಕಾಲೋ ಕಣ್ಣೋ ಹೋದರೆ ಅರ್ಧ. ಕಾರು ಅಪ್ಪನದು, ಪುಣೆಯಲ್ಲಿ ದಿನಾ ಓಡಿಸೋದು ನೀವು. ಎಕ್ಸ್‌ಪ್ರೆಸ್‌ವೇನಲ್ಲಿ ನಿಮಗೆ ಏನಾದರೂ ಆದರೆ ಆ ಹಣ ನಿಮ್ಮ ಮನೆಗೆ ಬರಲ್ಲ, ಯಾಕಂದರೆ ರಕ್ಷಣೆ ಇರೋದು ಧಾರವಾಡದಲ್ಲಿ ಕೂತಿರೋ ಅಪ್ಪನಿಗೆ. ಎಷ್ಟೋ ಜನ ಇದನ್ನು ಪ್ರೀಮಿಯಂ ಪಟ್ಟಿಯ ಇನ್ನೊಂದು ಸಾಲು ಅಂತ ನೋಡದೇ ಬಿಡ್ತಾರೆ.

ಕೋರ್ಟೂ ಇದೇ ದಾರಿಯಲ್ಲಿ ಯೋಚಿಸಿದೆ, ಅದೂ ನಮ್ಮ ಕಡೆಯದೇ ಒಂದು ಪ್ರಕರಣದಲ್ಲಿ. ಒಬ್ಬರು ಬೇರೆಯವರ ಬೈಕ್ ಕೇಳಿ ತಗೊಂಡು ಇಳಕಲ್ಲಿನಿಂದ ಗುಡೂರಿಗೆ ಹೊರಟಿದ್ದರು, ದಾರಿಯಲ್ಲಿ ಎತ್ತಿನಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. 2009ರಲ್ಲಿ ಸುಪ್ರೀಂ ಕೋರ್ಟು, ಗಾಡಿ ಎರವಲು ತಂದು ಓಡಿಸುವವರು ಮಾಲೀಕರ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ತಪ್ಪು ಯಾರದು ಅಂತ ಸಾಬೀತು ಮಾಡದೆ ಪರಿಹಾರ ಕೇಳೋ ಆಗಿನ 163ಎ ಕಲಮಿನಡಿ ಮನೆಯವರ ದಾವೆ ನಿಲ್ಲಲ್ಲ ಅಂದಿತು. ಅಪ್ಪನ ಕಾರು ಎರವಲು ಅಂತ ಮನೆಯಲ್ಲಿ ಯಾರಿಗೂ ಅನಿಸಲ್ಲ, ಕಾನೂನಿಗೆ ಅನಿಸುತ್ತೆ.

ಇನ್ನೊಂದು ದಿಕ್ಕಿನಿಂದಲೂ ನೋಡಿ. ನಿಮ್ಮ ಪಿಜಿಯ ಗೆಳೆಯರಲ್ಲಿ ಬೈಕ್ ಲೈಸೆನ್ಸ್ ಮಾತ್ರ ಇರೋರು ಇದ್ದೇ ಇರ್ತಾರೆ. ಅವರಲ್ಲೊಬ್ಬರು "ಒಂದು ರೌಂಡ್ ಕೊಡು" ಅಂತ ಕೀ ಇಸ್ಕೊಂಡು ಯಾರಿಗಾದರೂ ಗುದ್ದಿದರೆ, ನಿಮ್ಮ ಕಾರಿನ ರಿಪೇರಿ ಕ್ಲೇಮ್ ಅಲ್ಲೇ ಮುಗೀತು. ಗಾಯವಾದವರಿಗೆ ಕಂಪನಿ ಮೊದಲು ಹಣ ಕಟ್ಟಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟುಗಳು ಎಷ್ಟೋ ಸಲ ಆದೇಶ ಮಾಡಿವೆ. ಮಾಲೀಕರು ಅಂದರೆ ಅಪ್ಪ. 18 ತುಂಬದ ತಮ್ಮನೋ ತಂಗಿಯೋ ಇದ್ದರಂತೂ ಕೀ ಕಪಾಟಿನಲ್ಲಿರಲಿ. 2019ರ ತಿದ್ದುಪಡಿಯಾದ ಮೇಲೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಕಲ್ಯಾಣಿ ನಗರದಲ್ಲಿ 2024ರ ಮೇ 19ರ ನಸುಕಿನಲ್ಲಿ, 18 ತುಂಬದ ಹುಡುಗ ಓಡಿಸುತ್ತಿದ್ದ ಎನ್ನಲಾದ ಕಾರು ಗುದ್ದಿ ಇಬ್ಬರು ಎಂಜಿನಿಯರುಗಳ ಜೀವ ಹೋದ ಮೇಲೆ ಪುಣೆಯಲ್ಲಿ ಈ ವಿಷಯಕ್ಕೆ ಯಾರೂ ರಿಯಾಯ್ತಿ ಕೊಡಲ್ಲ.

ಹಾಗಿದ್ದರೆ ಹೊಸ ಡ್ರೈವರ್‌ಗೆ ಖರ್ಚು ಜಾಸ್ತಿ ಆಗೋದೇ ಇಲ್ವಾ? ಆಗುತ್ತೆ, ಆದರೆ ಪ್ರೀಮಿಯಂನಲ್ಲಿ ಅಲ್ಲ, ಬಂಪರಿನಲ್ಲಿ. ಹೊಸಬರ ಕಾರು ನಮ್ಮಲ್ಲಿಗೆ ಬರೋದು ಹೆಚ್ಚಾಗಿ ಹಿಂದಿನ ಬಂಪರ್ ಸೊಸೈಟಿಯ ಕಂಬಕ್ಕೆ ತಾಗಿ, ಇಲ್ಲವೇ ಎಡ ಬಾಗಿಲು ಗೇಟಿಗೆ ಉಜ್ಜಿ. ಬಂಪರ್ ಪ್ಲಾಸ್ಟಿಕ್. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಸಾದಾ ಪಾಲಿಸಿಯಲ್ಲಿ ಸವಕಳಿ ಅಂತ ಅರ್ಧ ಬೆಲೆ ಕಳೀತಾರೆ, ಕಾರು ಮೊನ್ನೆ ತಾನೇ ಶೋರೂಮಿನಿಂದ ಬಂದಿದ್ದರೂ ಸರಿ. ಉದಾಹರಣೆಗೆ ಬಂಪರ್ 5,000, ಪೇಂಟ್ ಬಿಲ್ 3,000 ಅಂತ ಇಟ್ಕೊಳ್ಳಿ. ಬಂಪರಿನಲ್ಲಿ 2,500 ಹೋಯ್ತು. ಪೇಂಟ್ ಬಿಲ್ಲಿನ ಕಾಲುಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲರ್ಧ, ಅಂದರೆ 375 ಹೋಯ್ತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನೀವೇ ಭರಿಸಬೇಕಾದ 1,000 ಬೇರೆ. ಎಂಟು ಸಾವಿರದಲ್ಲಿ ನಿಮ್ಮ ಜೇಬಿನಿಂದ 3,875.

ಇದಕ್ಕೇ, ಸವಕಳಿ ಕಳೆಯದೆ ಕೊಡೋ ಝೀರೋ ಡೆಪ್ ಅನ್ನೋ ಆಡ್-ಆನ್ (ಹೆಚ್ಚು ಹಣ ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳೋ ರಕ್ಷಣೆ) ಇರೋದು, ಶೋರೂಮಿನಲ್ಲಿ ಬಂಪರ್ ಟು ಬಂಪರ್ ಅಂತಾರೆ. ಹೊಸ ಡ್ರೈವರ್ ಆಗಿ ನೀವು ಹೆಚ್ಚು ಹಣ ಕೊಡಬೇಕಾದ ಜಾಗ ಇದೊಂದೇ ಅಂತ ನನ್ನ ಅಭಿಪ್ರಾಯ. ಅದಿದ್ದರೆ ಮೇಲಿನ ಬಿಲ್ಲಿನಲ್ಲಿ ನಿಮ್ಮ ಪಾಲು ಆ 1,000 ಅಷ್ಟೇ. ಆದರೂ ಇಂಥ ಸಣ್ಣದಕ್ಕೆ ಕ್ಲೇಮ್ ಮಾಡಲೇಬೇಕಾ ಅಂತ ಮೊದಲು ಲೆಕ್ಕ ಹಾಕಿ. ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ 12,000 ಇದ್ದರೆ ನಿಮ್ಮ ಮೊದಲ 20% ಬೋನಸ್, ಅಂದರೆ 2,400 ಹೋಗುತ್ತೆ. ಅದರ ಮುಂದಿನ ವರ್ಷವೂ ಒಂದು ಮೆಟ್ಟಿಲು ಕೆಳಗೇ ಇರ್ತೀರಿ. ಎಷ್ಟೋ ಪಾಲಿಸಿಗಳಲ್ಲಿ ವರ್ಷಕ್ಕೆ ಎರಡೇ ಝೀರೋ ಡೆಪ್ ಕ್ಲೇಮ್. ಗೀರು, ಸಣ್ಣ ಗುಳಿ ಬಿದ್ದರೆ ಹತ್ತಿರದ ಡೆಂಟರ್-ಪೇಂಟರ್ ಹತ್ರ ಹೋಗಿ, ನಮ್ಮ ಕಡೆ ಬರಬೇಡಿ. ನಮ್ಮ ಮ್ಯಾನೇಜರ್ ಇದನ್ನು ಓದದಿದ್ದರೆ ಸಾಕು.

"ವಾಲಂಟರಿ ಡಿಡಕ್ಟಿಬಲ್ ಹಾಕಿದ್ರೆ ಪ್ರೀಮಿಯಂ ಇಳಿಯುತ್ತೆ" ಅಂತ ಆ್ಯಪ್ ತೋರಿಸುತ್ತೆ. ದರ ಕಂಪನಿಗಳ ಕೈಗೆ ಹೋಗೋ ಮೊದಲಿನ ಹಳೆ ದರಪಟ್ಟಿಯ ಲೆಕ್ಕದಲ್ಲಿ ಪ್ರತಿ ಕ್ಲೇಮಿಗೂ 2,500 ಹೆಚ್ಚುವರಿಯಾಗಿ ನೀವೇ ಭರಿಸ್ತೀನಿ ಅಂದರೆ ಸಿಗೋ ರಿಯಾಯ್ತಿ ಗರಿಷ್ಠ 750. ಕೈ ಪಳಗಿದವರಿಗೆ ಸರಿ, ನಿಮಗೆ ನಷ್ಟದ ವ್ಯಾಪಾರ. ಬೋನಸ್ ಕಾಪಾಡೋ ಆಡ್-ಆನ್ ಈಗಲೇ ಬೇಡ, ಕಾಪಾಡೋಕೆ ಬೋನಸ್ಸೇ ಇನ್ನೂ ಹುಟ್ಟಿಲ್ಲ. ನೀರು ಹೊಕ್ಕು ಎಂಜಿನ್ ಕೆಟ್ಟರೆ ಭರಿಸೋ ಎಂಜಿನ್ ಪ್ರೊಟೆಕ್ಟ್ ಆಡ್-ಆನ್ ಮಾತ್ರ ನೀವು ಮನೆ ಮಾಡಿರೋ ಜಾಗ ನೋಡಿ ತೀರ್ಮಾನಿಸಿ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಪಾರ್ಕಿಂಗ್ ಎಲ್ಲಾ ಮುಳುಗಿತ್ತು. ನೆರೆಯಿಂದ ಆದ ಹಾನಿ ಸಾದಾ ಪಾಲಿಸಿಯಲ್ಲೇ ಬರುತ್ತೆ. ಆದರೆ ನಿಂತ ನೀರಿನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ನಿಗೆ ನೀರೆಳೆಸಿಕೊಂಡರೆ ಅದು ಬರಲ್ಲ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಆಫೀಸಿಗೆ ಕಂಪನಿ ಬಸ್ಸಿನಲ್ಲೇ ಹೋಗಿ, ಕಾರನ್ನು ಶನಿವಾರ ಭಾನುವಾರ ಮಾತ್ರ ಹೊರಗೆ ತೆಗೆಯೋದಾದರೆ, ಓಡಿದಷ್ಟಕ್ಕೆ ಪ್ರೀಮಿಯಂ ಅನ್ನೋ ಬಗೆಯನ್ನೂ ಕೇಳಿ. 2022ರ ಜುಲೈನಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ವರ್ಷಕ್ಕೆರಡು ಸಲ ಧಾರವಾಡಕ್ಕೆ ಹೋಗಿಬರೋ ಕಿಲೋಮೀಟರನ್ನೂ ಸೇರಿಸಿ ಲೆಕ್ಕ ಹಾಕಿ.

ಶೋರೂಮಿನಲ್ಲಿ ಆನ್-ರೋಡ್ ಬೆಲೆಯ ಚೀಟಿಯಲ್ಲಿ ಇನ್ಶೂರೆನ್ಸ್ ಆಗಲೇ ಸೇರಿಸಿರ್ತಾರೆ. ಅವರಲ್ಲೇ ತಗೋಬೇಕು ಅನ್ನೋ ಕಾನೂನಿಲ್ಲ. ಅಲ್ಲೇ ನಿಂತು ಫೋನಿನಲ್ಲಿ ಬೇರೆ ರೇಟ್ ತೆಗೆದು ತೋರಿಸಿ, ಎಷ್ಟೋ ಸಲ ಅವರೇ ಇಳೀತಾರೆ. ಹೋಲಿಸುವಾಗ ಐಡಿವಿ ಒಂದೇ ಇರಲಿ. ಹೊಸ ಕಾರಿಗೆ ಶೋರೂಮ್ ಬೆಲೆಯ 95% ಐಡಿವಿ ಇರಬೇಕು, ಅದನ್ನು ಇಳಿಸಿ ಪ್ರೀಮಿಯಂ ಅಗ್ಗ ಅಂತ ತೋರಿಸಿದರೆ, ಕಾರು ಕಳುವಾದ ದಿನ ಗೊತ್ತಾಗುತ್ತೆ.

ಕೊನೆಗೆ ನೀವು ಕೇಳಿದ್ದು, ಧಾರವಾಡದಲ್ಲೇ ತಗೊಂಡು ಕೆಎ 25 ನಂಬರ್ ಹಾಕಿಸಿದರೆ ಹೇಗೆ ಅಂತ. ಓನ್ ಡ್ಯಾಮೇಜ್ ದರಕ್ಕೆ ಊರುಗಳನ್ನು ಎರಡು ವಲಯ ಮಾಡಿದ್ದಾರೆ, ಪುಣೆ ಎ ವಲಯ, ಧಾರವಾಡ ಬಿ ವಲಯ, ನಿಜ. ಹಳೆ ದರಪಟ್ಟಿಯಲ್ಲಿ 1197 ಸಿಸಿ ಹೊಸ ಕಾರಿಗೆ ಐಡಿವಿಯ ಮೇಲೆ ಪುಣೆಯಲ್ಲಿ 3.283%, ಧಾರವಾಡದಲ್ಲಿ 3.191%. ಏಳು ಲಕ್ಷಕ್ಕೆ 644 ರೂಪಾಯಿ, ಕಂಪನಿಯ ರಿಯಾಯ್ತಿ ಕಳೆದ ಮೇಲೆ ಇನ್ನೂ ಕಡಿಮೆ. ಅತ್ತ ಕರ್ನಾಟಕದ ರಸ್ತೆ ತೆರಿಗೆ ಮಹಾರಾಷ್ಟ್ರಕ್ಕಿಂತ ಭಾರ, ಮತ್ತೆ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಓಡಿಸಿದರೆ ಮರುನೋಂದಣಿ ಮಾಡಿಸಿ ಇಲ್ಲಿಯ ತೆರಿಗೆ ಕಟ್ಟಬೇಕು, ಅಲ್ಲಿಯದನ್ನು ವಾಪಸ್ ತರೋಕೆ ಆರ್‌ಟಿಒ ಅಲೆಯಬೇಕು. ಹಿಂಜವಡಿಗೆ ಸಿಗೋ ಎಂಎಚ್ 14 ನಂಬರೇ ಹಾಕಿಸಿಕೊಳ್ಳಿ. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸು ಇದ್ದು, ನಾಳೆ ಬೆಂಗಳೂರಿಗೆ ವರ್ಗ ಕೇಳೋ ಯೋಚನೆ ಇದ್ದರೆ, ಬುಕ್ ಮಾಡೋ ಮೊದಲು ಬಿಎಚ್ ಸರಣಿಯ (ರಾಜ್ಯ ಬದಲಾದರೂ ಮರುನೋಂದಣಿ ಬೇಡದ ನಂಬರ್) ಬಗ್ಗೆ ಎಚ್‌ಆರ್ ಹತ್ರ ವಿಚಾರಿಸಿ.