ಬಾಗಿಲು ಬಡಿಯೋ ಕಾಲ ಬಂತು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಈ ನವೆಂಬರ್ 3ಕ್ಕೆ ಮಿಡ್‌ಟರ್ಮ್, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆ. ಹೌಸ್, ಅಂದರೆ ಸಂಸತ್ತಿನ ಕೆಳಮನೆಯ 435 ಸೀಟೂ ಕಣದಲ್ಲಿವೆ. ಹಲವು ವರ್ಷಗಳಿಂದ ಇಲ್ಲಿ ಪ್ರಗತಿಪರ ಅಭ್ಯರ್ಥಿಗಳ ಪರ ಮನೆಮನೆ ಸುತ್ತುತ್ತಿದ್ದೇನೆ ಅಂತ ಹೋದ ಸಂಚಿಕೆಯಲ್ಲಿ ಬರೆದದ್ದೇ ತಡ, ಇಲ್ಲಿನ ಕನ್ನಡಿಗರ ಪತ್ರಗಳು ಬಂದು ಬಿದ್ದಿವೆ. ಎಲ್ಲಕ್ಕೂ ಜಾಗ ಇಲ್ಲ, ಆದಷ್ಟು ಹೇಳುತ್ತೇನೆ. ಬೇರೆ ಪಕ್ಷಕ್ಕೆ ಓಡಾಡುವವರಿಗೂ ಕಾನೂನು ಇದೇ, ಧಾರಾಳವಾಗಿ ಓದಿಕೊಳ್ಳಿ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ವೋಟು ಇಲ್ಲ ಅಂತ ಗೊತ್ತು. ಪ್ರಚಾರಕ್ಕಾದರೂ ಹೋಗಬಹುದಾ? ಹೆಂಡತಿ ಸಿಟಿಜನ್, ಅವಳ ಹೆಸರಲ್ಲಿ ನಾನು ನೂರು ಡಾಲರ್ ಕೊಟ್ಟರೆ ನಡೆಯುತ್ತಾ?
ಎಡಿಸನ್, ನ್ಯೂಜೆರ್ಸಿ

ಕೈಕಾಲು ಕೊಡಬಹುದು, ಕಾಸು ಕೊಡುವ ಹಾಗಿಲ್ಲ. ವಿದೇಶಿಯರು ಸಂಬಳ ತೆಗೆದುಕೊಳ್ಳದೆ ಪ್ರಚಾರದಲ್ಲಿ ದುಡಿಯುವುದಕ್ಕೆ ಫೆಡರಲ್ ಚುನಾವಣಾ ಆಯೋಗದ ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ದುಡ್ಡು ಎಲ್ಲಿ ಖರ್ಚಾಗಬೇಕು, ಪ್ರಚಾರ ಹೇಗೆ ನಡೆಯಬೇಕು ಅಂತ ತೀರ್ಮಾನಿಸುವ ಜಾಗದಲ್ಲಿ ನೀವು ಕೂರುವಂತಿಲ್ಲ. ಕೆಲವು ಕಡೆ ಬಾಗಿಲು ಬಡಿಯುವವರಿಗೆ ಗಂಟೆಗಿಷ್ಟು ಅಂತ ಕೊಡುತ್ತಾರೆ, ಅದನ್ನು ಮುಟ್ಟಲೇಬೇಡಿ, ವೀಸಾಕ್ಕೆ ಕುತ್ತು.

ಇನ್ನು ಹೆಂಡತಿ ಹೆಸರಲ್ಲಿ ನಿಮ್ಮ ದುಡ್ಡು. ಖಂಡಿತ ಬೇಡ. ಇನ್ನೊಬ್ಬರ ಹೆಸರಲ್ಲಿ ದೇಣಿಗೆ ಕೊಡುವುದೇ ಇಲ್ಲಿ ಅಪರಾಧ. ಅವರು ತಮ್ಮ ಸ್ವಂತ ದುಡ್ಡಿನಿಂದ ಒಬ್ಬ ಫೆಡರಲ್ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್ ತನಕ ಕೊಡಬಹುದು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಬೇರೆ ಲೆಕ್ಕ, ನವೆಂಬರ್‌ನದು ಬೇರೆ ಲೆಕ್ಕ. ಗ್ರೀನ್ ಕಾರ್ಡ್ ಇದ್ದವರೂ ಕೊಡಬಹುದು, ವೋಟು ಮಾತ್ರ ಹಾಕುವಂತಿಲ್ಲ. ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ: ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಫಾರಂನಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಅವಸರದಲ್ಲಿ ನಾನು ಸಿಟಿಜನ್ ಅಂತ ಟಿಕ್ ಹಾಕಿಬಿಟ್ಟರೆ ಮುಂದೆ ಗ್ರೀನ್ ಕಾರ್ಡೇ ಕೈತಪ್ಪಬಹುದು.

ಈ ಕಾಲದಲ್ಲೂ ಮನೆಮನೆಗೆ ಹೋಗಿ ಬಾಗಿಲು ಬಡಿಯಬೇಕಾ? ನಾನು ಒಂದು ಪೋಸ್ಟ್ ಹಾಕಿದರೆ ಸಾವಿರ ಜನ ನೋಡುತ್ತಾರೆ.
ಕ್ಯಾರಿ, ನಾರ್ತ್ ಕೆರೊಲಿನಾ

ಆ ಸಾವಿರ ಜನರಲ್ಲಿ ನಿಮ್ಮ ಮತಕ್ಷೇತ್ರದವರು ಎಷ್ಟು? ಅರ್ಧ ಜನ ಬೆಂಗಳೂರಿನವರು, ಅಲ್ವಾ?

1998ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಅನ್ನುವ ಇಬ್ಬರು ಪ್ರೊಫೆಸರ್‌ಗಳು ನ್ಯೂ ಹೇವನ್ ಊರಿನ ಸುಮಾರು 30 ಸಾವಿರ ಮತದಾರರ ಮೇಲೆ ಒಂದು ಪ್ರಯೋಗ ಮಾಡಿದರು. ಚೀಟಿ ಎತ್ತಿದ ಹಾಗೆ ಜನರನ್ನು ಗುಂಪು ಮಾಡಿ, ಕೆಲವರ ಮನೆಗೆ ಹೋಗಿ ವೋಟು ಹಾಕಿ ಅಂದರು, ಕೆಲವರಿಗೆ ಕಾಗದ ಕಳಿಸಿದರು, ಕೆಲವರಿಗೆ ಫೋನ್ ಮಾಡಿದರು. ಕೊನೆಗೆ ಯಾರು ವೋಟು ಹಾಕಿದರು ಅಂತ ಸರ್ಕಾರಿ ದಾಖಲೆ ತೆಗೆದು ನೋಡಿದರೆ, ಮನೆಗೆ ಹೋದಲ್ಲಿ ಮತದಾನ ಚೆನ್ನಾಗಿಯೇ ಏರಿತ್ತು, ಕಾಗದದಿಂದ ಚೂರುಪಾರು, ಫೋನಿನಿಂದ ಸೊನ್ನೆ. ಕಾಲ್ ಸೆಂಟರ್‌ನವರ ಹಾಗೆ ಒದರದೆ ನಿಧಾನವಾಗಿ ಮಾತಾಡುವ ವಾಲಂಟಿಯರ್ ಫೋನಿಗೆ ಸ್ವಲ್ಪ ಫಲವಿದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಆದರೂ ಎದುರಿಗೆ ನಿಂತು ಮಾತಾಡಿದ್ದಕ್ಕೆ ಸರಿಸಾಟಿ ಯಾವುದೂ ಬರಲಿಲ್ಲ.

ನಿಜ ಹೇಳಬೇಕೆಂದರೆ ಇದು ಬೋರು ಹೊಡೆಸುವ ಕೆಲಸ. ಶನಿವಾರ ಬೆಳಗ್ಗೆ ಯಾರದೋ ಗ್ಯಾರೇಜಿನಲ್ಲಿ ಸೇರುತ್ತೀರಿ, ಹತ್ತು ನಿಮಿಷ ಪಾಠ, ಫೋನಿನ ಆ್ಯಪಿಗೆ ಒಂದು ಟರ್ಫ್ ಬರುತ್ತದೆ, ಅಂದರೆ ನಲವತ್ತೋ ಐವತ್ತೋ ಮನೆಗಳ ಪಟ್ಟಿ, ಪ್ರತಿ ಮನೆಯ ಮತದಾರರ ಹೆಸರು, ವಯಸ್ಸು, ಪಕ್ಷದ ಸಮೇತ. ನನ್ನ ಅನುಭವದಲ್ಲಿ ನಲವತ್ತು ಬಾಗಿಲು ಬಡಿದರೆ ಹತ್ತು ತೆರೆಯುತ್ತವೆ, ಅದರಲ್ಲಿ ಮೂರು ಜನ ಟೈಮಿಲ್ಲ ಅನ್ನುತ್ತಾರೆ, ಒಬ್ಬರು ನನ್ನನ್ನು ಪಾರ್ಸೆಲ್ ತಂದವನು ಅಂದುಕೊಳ್ಳುತ್ತಾರೆ. ಉಳಿದವರಲ್ಲಿ ಒಬ್ಬಿಬ್ಬರು, "ಓ, ಚುನಾವಣೆ ಇದೆಯಾ? ನನ್ನ ಮತಗಟ್ಟೆ ಎಲ್ಲಿ?" ಅಂತ ಕೇಳುತ್ತಾರೆ. ಆ ಒಬ್ಬಿಬ್ಬರಿಗೋಸ್ಕರ ಮೂರು ಗಂಟೆ ನಡೆಯುವುದು.

ಒಬ್ಬಿಬ್ಬರಿಂದ ಏನಾಗುತ್ತೆ ಅಂತೀರಾ? 2017ರಲ್ಲಿ ವರ್ಜೀನಿಯಾ ರಾಜ್ಯದ ಶಾಸನಸಭೆಗೆ ನ್ಯೂಪೋರ್ಟ್ ನ್ಯೂಸ್ ಊರಿನ 94ನೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಶೆಲ್ಲಿ ಸೈಮಂಡ್ಸ್, ರಿಪಬ್ಲಿಕನ್ ಡೇವಿಡ್ ಯಾನ್ಸಿ ನಿಂತಿದ್ದರು. ಮರುಎಣಿಕೆಯಲ್ಲಿ ಸೈಮಂಡ್ಸ್ ಒಂದೇ ಒಂದು ವೋಟಿನಿಂದ ಗೆದ್ದರು. ಮಾರನೇ ದಿನ ಜಡ್ಜ್‌ಗಳು ತಕರಾರಿನ ಒಂದು ಮತಪತ್ರವನ್ನು ಯಾನ್ಸಿ ಲೆಕ್ಕಕ್ಕೆ ಹಾಕಿದರು, ಇಬ್ಬರಿಗೂ 11,608 ಆಯ್ತು. 2018ರ ಜನವರಿ 4ರಂದು ಬಟ್ಟಲಿನಿಂದ ಚೀಟಿ ಎತ್ತಿದರು, ಯಾನ್ಸಿ ಹೆಸರು ಬಂತು. ಅದರಿಂದ ಸದನ 51-49 ಆಗಿ ರಿಪಬ್ಲಿಕನ್ನರ ಕೈಯಲ್ಲೇ ಉಳಿಯಿತು. ಆ ಊರಿನಲ್ಲಿ "ಮಳೆ ಬರ್ತಿದೆ, ಇವತ್ತು ಸಾಕು" ಅಂತ ಟರ್ಫ್ ಅರ್ಧಕ್ಕೆ ಬಿಟ್ಟು ಹೋದವರು ಯಾರಾದರೂ ಇದ್ದರೆ ಅವರಿಗೆ ನಿದ್ದೆ ಹೇಗೆ ಬಂತೋ. ಎರಡು ವರ್ಷದ ನಂತರ ಸೈಮಂಡ್ಸ್ ಅಲ್ಲೇ ಮತ್ತೆ ನಿಂತು ಗೆದ್ದರು.

ಕರಪತ್ರವನ್ನು ಮನೆಯವರ ಅಂಚೆ ಡಬ್ಬದೊಳಗೆ ಹಾಕಿ ಹೋಗಬಹುದಾ? ವೋಟಿನ ಕ್ಯೂನಲ್ಲಿ ನಿಂತವರಿಗೆ ನೀರು ಕೊಡಬಹುದಾ?
ಆಲ್ಫರೆಟ್ಟಾ, ಜಾರ್ಜಿಯಾ

ಡಬ್ಬಕ್ಕೆ ಬೇಡ. ಸ್ಟಾಂಪ್ ಇಲ್ಲದ್ದನ್ನು ಅದರೊಳಗೆ ಹಾಕುವುದು ಫೆಡರಲ್ ಕಾನೂನಿಗೆ ವಿರುದ್ಧ. ಬಾಗಿಲ ಸಂದಿಗೆ ಸಿಕ್ಕಿಸಿ. ನೀರಿನ ವಿಷಯದಲ್ಲಿ ನಿಮ್ಮ ರಾಜ್ಯವೇ ತಕರಾರಿನದ್ದು: 2021ರ ಕಾನೂನಿನ ಪ್ರಕಾರ ಮತಗಟ್ಟೆ ಕಟ್ಟಡದ 150 ಅಡಿ ಒಳಗೆ ವೋಟರಿಗೆ ತಿಂಡಿ, ನೀರು ಕೊಡುವ ಹಾಗಿಲ್ಲ. ಜನರೇ ಹಿಡಿದುಕೊಂಡು ಕುಡಿಯುವಂತೆ ಚುನಾವಣಾ ಸಿಬ್ಬಂದಿ ನೀರಿನ ಪಾತ್ರೆ ಇಡಬಹುದು, ಅಷ್ಟೇ. ಬಾಯಾರಿದವರಿಗೆ ನೀರು ಕೊಡಲು ಅಡಿಕೋಲು ಹಿಡಿಯಬೇಕಾ ಅಂತ ನನಗೂ ಸಿಟ್ಟು ಬರುತ್ತದೆ, ಆದರೆ ವಾಲಂಟಿಯರ್ ಮಾಡಿದ ತಪ್ಪು ಅಭ್ಯರ್ಥಿಯ ತಲೆಗೆ ಬರುತ್ತದೆ.

ನಮ್ಮ ಭಾವ ಪಕ್ಕಾ ಆ ಕಡೆಯವರು. ಊಟಕ್ಕೆ ಕೂತರೆ ಸಾಕು ಜಗಳ. ಅವರನ್ನು ಬದಲಾಯಿಸುವುದು ಹೇಗೆ?
ಪ್ಲೇನೊ, ಟೆಕ್ಸಸ್

ಬದಲಾಯಿಸಬೇಡಿ. ಚುನಾವಣೆಗೆ ಕೆಲವೇ ವಾರ ಇರುವಾಗ ಭಾವನ ಮುಂದೆ ಕಿನ್ನರಿ ಬಾರಿಸುವುದಕ್ಕಿಂತ, ನಿಮ್ಮ ಮಾತು ಒಪ್ಪುವ ಆದರೆ ವೋಟಿಗೆ ಹೋಗಲು ಸೋಮಾರಿತನ ಮಾಡುವ ಐದು ಗೆಳೆಯರನ್ನು ಹಿಡಿಯಿರಿ.

ಆದರೂ ಕೇಳಿದ್ದೀರಿ ಅಂತ ಹೇಳುತ್ತೇನೆ. ಲಾಸ್ ಏಂಜಲೀಸ್‌ನ ಎಲ್‌ಜಿಬಿಟಿ ಸೆಂಟರ್‌ನವರು ಡೀಪ್ ಕ್ಯಾನ್ವಾಸಿಂಗ್ ಅನ್ನುವ ಪದ್ಧತಿ ಬೆಳೆಸಿದರು. ವಾದ ಇಲ್ಲ, ಅಂಕಿಅಂಶ ಇಲ್ಲ. ನಿಮ್ಮನ್ನು ಯಾರಾದರೂ ಬೇರೆ ಥರ ನೋಡಿದ್ದುಂಟಾ ಅಂತ ಕೇಳಿ, ಅವರ ಕಥೆ ಕೇಳಿಸಿಕೊಂಡು, ನಿಮ್ಮದನ್ನೂ ಹೇಳುವುದು. ಇದರ ಬಗ್ಗೆ ಬಂದ ಮೊದಲ ದೊಡ್ಡ ಅಧ್ಯಯನದ ಅಂಕಿಗಳೇ ಕಟ್ಟುಕಥೆ ಅಂತ ಗೊತ್ತಾಗಿ 2015ರಲ್ಲಿ ಅದನ್ನು ವಾಪಸ್ ತೆಗೆದರು. ತಮಾಷೆ ಅಂದರೆ, ಆ ಮೋಸ ಹಿಡಿದವರಲ್ಲಿ ಇಬ್ಬರಾದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಮಯಾಮಿಯಲ್ಲಿ ಅದನ್ನೇ ಪ್ರಾಮಾಣಿಕವಾಗಿ ಮಾಡಿ ನೋಡಿದರು. ಹತ್ತು ನಿಮಿಷದ ಮಾತಿನಿಂದ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಅಸಹನೆ ಕಡಿಮೆಯಾಗಿತ್ತು, ಮೂರು ತಿಂಗಳಾದರೂ ಹಾಗೇ ಇತ್ತು. ಹಾಗಾಗಿ ಭಾವನ ಹತ್ತಿರ ಈ ಸಲ ಬಾಯಿಗಿಂತ ಕಿವಿ ಜಾಸ್ತಿ ಬಳಸಿ ನೋಡಿ. ಊಟದ ಹೊತ್ತಲ್ಲಿ ಬೇಡ, ಪಾತ್ರೆ ತೊಳೆಯುವಾಗ.

ನಮ್ಮ ಕ್ಯಾಲಿಫೋರ್ನಿಯಾ ಹೇಗೂ ಡೆಮಾಕ್ರಟಿಕ್. ಇಲ್ಲಿ ಕೂತು ನಾನೇನು ಮಾಡಲಿ? ಬೇರೆ ಕಡೆಯ ಮತದಾರರಿಗೆ ಪೋಸ್ಟ್‌ಕಾರ್ಡ್ ಬರೆಯಲಾ?
ಫ್ರೀಮಾಂಟ್

ಬರೆಯಿರಿ, ಪೋಸ್ಟ್‌ಕಾರ್ಡ್ ಬರೆಯುವ ಕೂಟಗಳಲ್ಲಿ ಕಾಫಿ, ಹರಟೆ ಚೆನ್ನಾಗಿರುತ್ತದೆ. ಫಲ ಮಾತ್ರ ಸಣ್ಣದು. ನಾನು ನೀವಾಗಿದ್ದರೆ ಒಂದು ವಾರಾಂತ್ಯ ಪೈಪೋಟಿ ಇರುವ ಪಕ್ಕದ ಕ್ಷೇತ್ರಕ್ಕೆ ಕಾರು ಓಡಿಸುತ್ತಿದ್ದೆ, ಉಳಿದ ದಿನ ನನ್ನೂರಿನ ಸ್ಕೂಲ್ ಬೋರ್ಡ್, ಸಿಟಿ ಕೌನ್ಸಿಲ್ ಚುನಾವಣೆಗೆ ಇಡುತ್ತಿದ್ದೆ.

ಒಂದೇ ಪಕ್ಷದ ಹಿಡಿತ ಇರುವಲ್ಲಿ ನಿಜವಾದ ಕುಸ್ತಿ ಪ್ರೈಮರಿಯಲ್ಲಿ. 2018ರ ಜೂನ್ 26ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್-ಕ್ವೀನ್ಸ್ ಕ್ಷೇತ್ರದಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕಾರ್ಟೆಜ್ ಹತ್ತು ಅವಧಿಯ ಸಂಸದ ಜೋ ಕ್ರೌಲಿಯನ್ನು ಸೋಲಿಸಿದಾಗ ಅಂತರ ಸುಮಾರು 4 ಸಾವಿರ ವೋಟು. ಇಡೀ ಪ್ರೈಮರಿಯಲ್ಲಿ ವೋಟು ಹಾಕಿದವರೇ 30 ಸಾವಿರದೊಳಗೆ, ಆ ಕ್ಷೇತ್ರದ ಜನಸಂಖ್ಯೆ ಸುಮಾರು 7 ಲಕ್ಷ. ಇಷ್ಟು ಕಡಿಮೆ ಜನ ಬರುವ ಕಡೆ ಒಂದು ಬೀದಿ ಕೂಡ ಲೆಕ್ಕಕ್ಕೆ ಬರುತ್ತದೆ. ಕಳೆದ ವರ್ಷ ಅದೇ ನಗರದಲ್ಲಿ ಝೊಹ್ರಾನ್ ಮಮ್ದಾನಿ ಮಾಜಿ ಗವರ್ನರ್ ಆ್ಯಂಡ್ರೂ ಕ್ವೊಮೊರನ್ನು ಮೇಯರ್ ಪ್ರೈಮರಿಯಲ್ಲಿ ಸೋಲಿಸಿದ್ದಕ್ಕೆ ಎಲ್ಲರೂ ವಿಡಿಯೊಗಳನ್ನು ಹೊಗಳಿದರು. ಹತ್ತಾರು ಸಾವಿರ ವಾಲಂಟಿಯರ್‌ಗಳು ಮೆಟ್ಟಿಲು ಹತ್ತಿ ಇಳಿದದ್ದು ವಿಡಿಯೊದಲ್ಲಿ ಕಾಣಲಿಲ್ಲ, ಪಾಪ.

ನಮ್ಮ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಅಭ್ಯರ್ಥಿಯನ್ನು ಕರೆದು ಬೆಂಬಲ ಘೋಷಿಸಬಹುದಾ?
ಹೆಸರು, ಊರು ಬೇಡ ಅಂದಿದ್ದಾರೆ

ನಿಮ್ಮ ಸಂಘ 501(ಸಿ)(3), ಅಂದರೆ ದತ್ತಿ ಸಂಸ್ಥೆಗಳ ತೆರಿಗೆ ನಿಯಮದ ಅಡಿ ವಿನಾಯಿತಿ ಪಡೆದಿದ್ದರೆ ಬೆಂಬಲ ಘೋಷಣೆ ಆಗದು. ಪಕ್ಷದ ಮಾತಿಲ್ಲದೆ ಮತದಾರರ ನೋಂದಣಿ ಟೇಬಲ್ ಹಾಕಬಹುದು. ಹಾಕಿ.

2024ರಲ್ಲಿ ಆರು ವಾರ ರಜೆ ಹಾಕಿ ದುಡಿದೆ. ಸೋತೆವು. ಮತ್ತೆ ಬಾ ಅಂತ ಈಗ ದಿನಕ್ಕೆ ಹತ್ತು ಮೆಸೇಜ್. ಯಾಕೆ ಹೋಗಲಿ?
ಪಿಟ್ಸ್‌ಬರ್ಗ್ ಹತ್ತಿರದಿಂದ

ಮೊದಲು ಆ ಮೆಸೇಜ್‌ಗಳ ಬಗ್ಗೆ. ಅವು ಬಹುಪಾಲು ದುಡ್ಡು ಕೇಳುವವು. ಸ್ಟಾಪ್ ಅಂತ ಉತ್ತರ ಕಳಿಸಿ, ತಪ್ಪೇನಿಲ್ಲ.

ನಿಮ್ಮ ಬೇಸರ ನನಗೆ ಗೊತ್ತು. ನಾನು ದುಡಿದ ಒಂದು ಪ್ರಚಾರದಲ್ಲಿ ಸೋತ ಮಾರನೇ ದಿನ ಹೋದರೆ ಆಫೀಸಿಗೆ ಬೀಗ, ಒಳಗೆ ಅರ್ಧ ತಿಂದ ಪಿಜ್ಜಾ ಡಬ್ಬಗಳು. ಮೂರು ತಿಂಗಳು ನಾವು ಕಲೆಹಾಕಿದ ಮಾತುಗಳು, ಯಾರಿಗೆ ಮೊಣಕಾಲು ನೋವು, ಯಾರಿಗೆ ಮತಗಟ್ಟೆಗೆ ಹೋಗಲು ಕಾರು ಬೇಕು ಅನ್ನುವುದೆಲ್ಲ, ಯಾವುದೋ ಕಂಪ್ಯೂಟರಿಗೆ ಸೇರಿ ಮಾಯ. ಸೋತದ್ದಕ್ಕಿಂತ ಜಾಸ್ತಿ ಉರಿದದ್ದು ಅದು. ಪ್ರಗತಿಪರರು ಅಂತ ಕರೆದುಕೊಳ್ಳುವ ನಾವೇ ಅಕ್ಟೋಬರ್‌ನಲ್ಲಿ ಬಡವರ ಬೀದಿಗೆ ಇಳಿದು ನವೆಂಬರ್‌ನಲ್ಲಿ ಹಾರಿಹೋದರೆ ಜನ ನಂಬಬೇಕಾ?

1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಯಲ್ಲಿ ನಡೆದದ್ದು ನೆನಪಾಗುತ್ತದೆ. ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಸುಮಾರು ಸಾವಿರ ವಾಲಂಟಿಯರ್‌ಗಳು ಹೊರಗಿನಿಂದ ಬಂದರು. ಶುರುವಿನಲ್ಲೇ ಮೂವರು ಕಾರ್ಯಕರ್ತರ ಕೊಲೆಯಾಯಿತು. ಸುಮಾರು 17 ಸಾವಿರ ಜನ ಧೈರ್ಯ ಮಾಡಿ ಅರ್ಜಿ ಹಾಕಿದರು, ಅಧಿಕಾರಿಗಳು ಸೇರಿಸಿಕೊಂಡದ್ದು ಸುಮಾರು 1,600 ಜನರನ್ನು. ಲೆಕ್ಕದಲ್ಲಿ ಅದೂ ಸೋಲೇ. ಬಂದವರಲ್ಲಿ ಬಹಳ ಜನ ಕಾಲೇಜು ಶುರುವಾಯ್ತು ಅಂತ ಹೊರಟರು. ಫ್ಯಾನಿ ಲೂ ಹೇಮರ್ ಥರದ ಅಲ್ಲಿನವರೇ ಆದ ಹೆಂಗಸರು ಮಾತ್ರ ಎಲ್ಲಿಗೆ ಹೋಗಬೇಕಿತ್ತು? ಅವರು ಅಲ್ಲೇ ಇದ್ದು ಮುಂದುವರಿಸಿದರು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆ ಬಂತು.

ಹಾಗಾಗಿ ಈ ಸಲ ಆರು ವಾರ ರಜೆ ಹಾಕಬೇಡಿ. ನಿಮ್ಮ ಮನೆ ಸುತ್ತಲಿನ ನಾಲ್ಕು ಬೀದಿ ಆರಿಸಿಕೊಂಡು ತಿಂಗಳಿಗೊಂದು ಶನಿವಾರ ಹೋಗಿ, ಚುನಾವಣೆ ಇಲ್ಲದ ತಿಂಗಳಲ್ಲೂ. ನಾನು ಒಮ್ಮೆ ಮಾರ್ಚ್‌ನಲ್ಲಿ ಹೋಗಿದ್ದೆ. ಹಿಂದೆ ಎರಡು ಸಲ ಮುಖಕ್ಕೇ ಬಾಗಿಲು ಹಾಕಿದ್ದ ಅಜ್ಜ, ಈಗ ಯಾವ ಚುನಾವಣೆ ಅಂತ ಕೇಳಿದರು. ಯಾವುದೂ ಇಲ್ಲ, ಸುಮ್ನೆ ಬಂದೆ ಅಂದೆ. ಮುಕ್ಕಾಲು ಗಂಟೆ ಬಸ್ ಸ್ಟಾಪಿನ ಬಗ್ಗೆ ದೂರು ಹೇಳಿದರು. ನಾನು ಬರೆದುಕೊಂಡೆ.

ನಾಯಿ ಬಂದರೆ ಏನು ಮಾಡೋದು?
ಕಾಲಂಬಸ್, ಒಹಾಯೊ

ಗೇಟು ತೆಗೆಯುವ ಮುಂಚೆ ಚಿಲಕ ಎರಡು ಸಲ ಅಲ್ಲಾಡಿಸಿ, ಇದ್ದರೆ ಬೊಗಳುತ್ತದೆ. ಬೊಗಳಿದರೆ ಪಟ್ಟಿಯಲ್ಲಿ ನಾಯಿ ಇದೆ ಅಂತ ಬರೆದು ಪಕ್ಕದ ಮನೆಗೆ ಹೋಗಿ. ಮುಂದೆ ಬರುವ ವಾಲಂಟಿಯರ್ ನಿಮಗೆ ಕೈಮುಗಿಯುತ್ತಾನೆ.