ಅಡಿಬರಹ ತಪ್ಪಿತ್ತು, ಬೀದಿ ನಕಲಿಯಲ್ಲ

ಓದುಗರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಪೋಲೆಂಡಿನ ರಾಜಧಾನಿ ವಾರ್ಸಾದ ಹಳೇಪೇಟೆಯ ಫೋಟೊ ಕೆಳಗೆ ‘ನೂರಾರು ವರ್ಷ ಹಳೆಯ ಮನೆಗಳು’ ಅಂತ ಬರೆದಿದ್ದೀರಿ. ಅವೆಲ್ಲ ಎರಡನೇ ಮಹಾಯುದ್ಧದ ಆಮೇಲೆ ಕಟ್ಟಿದವು. ಒಂದು ಸಿನಿಮಾ ಸೆಟ್ಟನ್ನು ಹಳೆಯದು ಅಂತ ತೋರಿಸುವುದು ಸರಿಯಾ?”

ಸಂಪಾದಕರ ಉತ್ತರ:

ಅಡಿಬರಹದ ತಪ್ಪು ನಮ್ಮದೇ, ಒಪ್ಪಿಕೊಂಡೆ. ಹಳೇಪೇಟೆಯ ಆ ಚೌಕ ಮತ್ತೆ ಜನರಿಗೆ ತೆರೆದಿದ್ದು 1953ರ ಜುಲೈನಲ್ಲಿ. ಆದರೆ ‘ಸೆಟ್’ ಅನ್ನೋ ಮಾತಿಗೆ ಮಾತ್ರ ನನ್ನ ತಕರಾರಿದೆ.

1944ರ ಆಗಸ್ಟ್ 1ರಂದು ವಾರ್ಸಾ ಜರ್ಮನ್ನರ ವಿರುದ್ಧ ತಿರುಗಿಬಿತ್ತು. 63 ದಿನ ಹೋರಾಡಿ ಸೋತಿತು. ಆಮೇಲೆ ಜರ್ಮನ್ನರು ಉಳಿದ ಜನರನ್ನೂ ಊರು ಬಿಡಿಸಿದರು. ಖಾಲಿ ಮನೆಗಳನ್ನು ಬೀದಿ ಬೀದಿಯಾಗಿ ಸುಟ್ಟರು, ಮದ್ದು ಇಟ್ಟು ಬೀಳಿಸಿದರು. ಕದನ ಮುಗಿದ ಮೇಲೆ ಕೂತು ಕೆಡವಿದ್ದು! ಈಗಲೂ ಪ್ರತಿ ಆಗಸ್ಟ್ 1ರ ಸಂಜೆ 5ಕ್ಕೆ ಅಲ್ಲಿ ಸೈರನ್ ಕೂಗುತ್ತದೆ. ಬಸ್ಸು, ಕಾರು, ನಡೆಯುವವರು, ಎಲ್ಲರೂ ಒಂದು ನಿಮಿಷ ನಿಂತಲ್ಲೇ ನಿಲ್ಲುತ್ತಾರೆ.

ಅಲ್ಲಿನ ಪಾಲಿಟೆಕ್ನಿಕ್ (ತಾಂತ್ರಿಕ ವಿಶ್ವವಿದ್ಯಾಲಯ)ನವರು ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆದಿಟ್ಟಿದ್ದರು. ಆ ಕಾಗದಗಳನ್ನು ಪಿಯೊತ್ರ್ಕುಫ್ ಎಂಬ ಊರಿನ ಮಠವೊಂದರಲ್ಲಿ ಬಚ್ಚಿಟ್ಟು ಉಳಿಸಿಕೊಂಡರು. 18ನೇ ಶತಮಾನದ ಆಸ್ಥಾನ ಚಿತ್ರಕಾರ ಬೆರ್ನಾರ್ದೊ ಬೆಲ್ಲೊತ್ತೊ ಬರೆದ ಬೀದಿಚಿತ್ರಗಳೂ ನೆರವಿಗೆ ಬಂದವು. ಸೆಟ್ ಹಾಕುವವರು ಜೀವ ಪಣಕ್ಕಿಟ್ಟು ನಕ್ಷೆ ಕಾಯುತ್ತಾರಾ?

ಹಾಗಂತ ನಿಮ್ಮ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. 19ನೇ ಶತಮಾನದಲ್ಲಿ ಸೇರಿಸಿದ್ದ ಎಷ್ಟೋ ಭಾಗಗಳನ್ನು ಅವರು ಮತ್ತೆ ಕಟ್ಟಲೇ ಇಲ್ಲ. ಮುಂದೆ ಹಳೇ ಗೋಡೆ, ಒಳಗೆ ಹೊಸ ಕಾಲದ ಫ್ಲ್ಯಾಟ್. ಹಳೆಯದರಲ್ಲೂ ತಮಗೆ ಬೇಕಾದ ಕಾಲವನ್ನು ಆರಿಸಿಕೊಂಡರು. ಇಟ್ಟಿಗೆಯ ಕತೆ ಇನ್ನೂ ಕಹಿ. ವ್ರೊತ್ಸ್ವಾಫ್‌ನಂಥ ಊರುಗಳ ಮುರುಕು ಕಟ್ಟಡಗಳಿಂದ ಕಿತ್ತು ತಂದರು, ಆ ಊರುಗಳು ಇನ್ನಷ್ಟು ಬರಿದಾದವು. 1945ರ ಅಕ್ಟೋಬರಿನ ಒಂದು ಆದೇಶದಿಂದ ನಗರದ ಜಾಗವೆಲ್ಲ ಸರ್ಕಾರದ ಕೈಸೇರಿತು. ಮಾಲೀಕರ ಮಕ್ಕಳು ಮೊಮ್ಮಕ್ಕಳು ದಶಕಗಟ್ಟಲೆ ಕೋರ್ಟಿಗೆ ಅಲೆದರು. ಇಷ್ಟೆಲ್ಲ ಇದ್ದರೂ 1980ರಲ್ಲಿ ಯುನೆಸ್ಕೊ ಹಳೇಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯದು ಅಂತಲ್ಲ, ಮರಳಿ ಕಟ್ಟಿದ್ದು ಅಂತಲೇ.

ನಿಜ ಹೇಳಬೇಕೆಂದರೆ ನಾವು ವಾರ್ಸಾದ ಮುರಾನುಫ್ ಬಡಾವಣೆಯ ಫೋಟೊ ಹಾಕಬೇಕಿತ್ತು. ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಇದ್ದದ್ದು ಅಲ್ಲಿ. 1943ರಲ್ಲಿ ಆ ಯಹೂದಿಗಳು ದಂಗೆ ಎದ್ದಾಗಲೂ ಅದರ ಆಮೇಲೂ ಜರ್ಮನ್ನರು ಅದನ್ನು ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಅಲ್ಲಿ ಹಳೇ ಬೀದಿಗಳನ್ನು ಮರಳಿ ಕಟ್ಟಲು ಯಾರೂ ಹೋಗಲಿಲ್ಲ. ಅಷ್ಟು ಅವಶೇಷವನ್ನು ಸಾಗಿಸಲೂ ಆಗಲಿಲ್ಲ. ಅದನ್ನೇ ದಿಬ್ಬ ಮಾಡಿದರು, ಅದರ ಪುಡಿಯನ್ನೇ ಇಟ್ಟಿಗೆಗೆ ಬಳಸಿದರು, ಮೇಲೆ ಮನೆ ಎಬ್ಬಿಸಿದರು. ಹಾಗಾಗಿ ಇವತ್ತಿಗೂ ಎಷ್ಟೋ ಮನೆಗಳಿಗೆ ಬೀದಿಯಿಂದ ಮೆಟ್ಟಿಲು ಹತ್ತಿ ಹೋಗಬೇಕು. ದಿನಾ ಚೀಲ ಹಿಡಿದು ಹತ್ತುವವರ ಕಾಲಡಿ ಇರುವುದು ಯಾರದೋ ಗೋಡೆ, ಯಾರದೋ ಒಲೆ.

ಮುಂದಿನ ಸಂಚಿಕೆಯಲ್ಲಿ ಅಡಿಬರಹದ ತಿದ್ದುಪಡಿ ಬರುತ್ತದೆ: “ಮರಳಿ ಕಟ್ಟಿದ ಮನೆಗಳು, 1953.”